ಓಟದ ಗುರುಗಳೂ ನಮ್ಮ ಕೃತಘ್ನತೆಯೂ

ಹೊಸಪೇಟೆಯಲ್ಲಿ ಈಚೆಗೆ ಕೂಡಿದ್ದ ಒಂದು ಮಿತ್ರಗೋಷ್ಠಿಯಲ್ಲಿ ಮಾತು ಸಾಹಿತ್ಯದಿಂದ ಜಾರಿ ಹೇಗೋ ಕ್ರೀಡೆಗಳ ಕಡೆಗೆ ಹೊರಳಿತು. ಆಗ ವಿದ್ಯಾವಂತರೂ ವಯೋವೃದ್ಧರೂ ಆದ ಮಹನೀಯರೊಬ್ಬರು, “ಸಂಗೀತಕ್ಕೆ ಗುರು ಬೇಕು, ಮಲ್ಲವಿದ್ಯೆಗೂ ಗುರು ಬೇಕು. ಓಡುವುದಕ್ಕೆ ಗುರುವೇಕೆ? ಕರುವಿಗೆ ಓಟವನ್ನು ಯಾರು ಕಲಿಸಿದರು? ಇದಕ್ಕಾಗಿ ಪರದೇಶದಿಂದ ಶಿಕ್ಷಕರನ್ನು ಕರೆಸಿ ಸಂಬಳ ಸುರಿಯುವುದು ಶುದ್ಧ ದುಂದುಗಾರಿಕೆ” ಎಂದು ಅಪ್ಪಣೆ ಕೊಡಿಸಿದರು. ನೆರೆದವರಲ್ಲಿ ಅನೇಕರು ತಲೆದೂಗಿದರು. ಅವರ ವಯಸ್ಸಿಗೆ ಮನ್ನಣೆಯಿತ್ತು ನಾವು ಆ ದಿನ ಸುಮ್ಮನಿದ್ದೆವು. ಆದರೆ ಆ ಮಾತು ಅವರೊಬ್ಬರದಲ್ಲ. ಓದುಬರಹ ಬಲ್ಲ ನಮ್ಮ ಮನೆಗಳಲ್ಲೆಲ್ಲ ಬಾಯಿಬಿಟ್ಟು ಹೇಳದೆಯೇ ನಂಬಿಕೊಂಡು ಬಂದ ಮಾತು. ಆದಕಾರಣ ಅಂದು ನುಂಗಿಕೊಂಡ ಉತ್ತರವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಕರುವಿನ ದೃಷ್ಟಾಂತವನ್ನೇ ಮೊದಲು ತೆಗೆದುಕೊಳ್ಳೋಣ. ಕರು ಓಡುವುದು ತಾಯಿಯ ಕೆಚ್ಚಲಿನ ವರೆಗೆ. ಹತ್ತು ಸಾವಿರ ಮೀಟರುಗಳ ಓಟವೆಂದರೆ ಕ್ರೀಡಾಂಗಣದ ಹಾದಿಯನ್ನು 25 ಸುತ್ತು ಸುತ್ತಬೇಕು. ಮೊದಲನೆಯ ಸುತ್ತಿನಲ್ಲಿ ಎರಡು ಸೆಕೆಂಡು ಅವಸರಪಟ್ಟವನು ಇಪ್ಪತ್ತನೆಯ ಸುತ್ತಿನಲ್ಲಿ ಅದಕ್ಕೆ ಬಡ್ಡಿ ಸಹಿತ ತೆರಿಗೆ ಕೊಡುವನು. ಅಷ್ಟು ದೂರವನ್ನು ಒಂದೇ ಹದದಲ್ಲಿ ಓಡಬಲ್ಲ ದೇಹವು ಹುಟ್ಟಿನಿಂದ ಬರುವುದಿಲ್ಲ. ವರ್ಷಗಟ್ಟಲೆ ಮೆಲ್ಲನೆಯ ದೀರ್ಘ ಓಟಗಳಿಂದ ಹೃದಯವು ಒಂದೊಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕಲು ಕಲಿಯಬೇಕು. ಸ್ನಾಯುಗಳೊಳಗೆ ಕೂದಲೆಳೆಗಿಂತ ಸಣ್ಣವಾದ ರಕ್ತನಾಳಗಳು ಹೊಸದಾಗಿ ಹಬ್ಬಬೇಕು. ಎಲುಬು ಆ ಪೆಟ್ಟನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಬೇಕು. ಇವುಗಳಲ್ಲಿ ಹೃದಯವು ಬೇಗ ಕಲಿಯುವುದು, ಎಲುಬು ತಡವಾಗಿ ಕಲಿಯುವುದು. ಈ ವ್ಯತ್ಯಾಸವನ್ನು ಅರಿಯದವನೇ ಕಾಲು ಮುರಿದುಕೊಳ್ಳುವವನು. ನಮ್ಮೂರಿನ ಕಾಲುವೆಯ ಏರಿಗಳ ಮೇಲೆ ಬೆಳಗಿನ ಜಾವದಲ್ಲಿ ಪೋಲೀಸು ಕೆಲಸದ ಪರೀಕ್ಷೆಗಾಗಿ ಓಡುವ ಹುಡುಗರನ್ನು ವಾಚಕರು ನೋಡಿರಬಹುದು. ಮೂರು ತಿಂಗಳಲ್ಲಿ ಎಲ್ಲವನ್ನೂ ಸಾಧಿಸಬೇಕೆಂದು ದಿನವೂ ಉಸಿರು ಸಿಕ್ಕಿಕೊಳ್ಳುವಂತೆ ಓಡುವರು. ಪರೀಕ್ಷೆಯ ವೇಳೆಗೆ ಅವರಲ್ಲಿ ಕೆಲವರು ಮೊಣಕಾಲ ಕೆಳಗಣ ಎಲುಬಿನ ನೋವಿನಿಂದ ಕುಂಟುತ್ತಿರುವರು. ‘ಇಂದು ಓಡಬೇಡ, ಮಲಗು’ ಎಂದು ಹೇಳುವವನೊಬ್ಬನು ಅವರಿಗೆ ಇಲ್ಲ. ಓಟದ ಗುರುವಿನ ವಿದ್ಯೆಯಲ್ಲಿ ಅರ್ಧ ಭಾಗವು ಈ ‘ಬೇಡ’ ಎಂಬ ಮಾತಿನಲ್ಲಿಯೇ ಇದೆ.

ಗುರುವಿಲ್ಲದೆಯೂ ನಮ್ಮವರು ಓಡಿದುದುಂಟು, ಇಲ್ಲವೆನ್ನೆವು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪ್ ನಗರದ ಒಲಿಂಪಿಕ್ ಕೂಟದ ಮ್ಯಾರಥಾನ್ ಓಟದಲ್ಲಿ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಹತ್ತೊಂಬತ್ತನೆಯವರಾದರು. ಬರಿಗಾಲಿನ ರೈತಮಕ್ಕಳು ಓಡುವುದನ್ನು ಪುಣೆಯಲ್ಲಿ ಕಂಡು ಬೆರಗಾದ ದೊರಾಬ್ಜಿ ಟಾಟಾರವರ ಔದಾರ್ಯದಿಂದ ಆ ಪ್ರಯಾಣವು ನಡೆಯಿತು. ಆ ಓಟವನ್ನು ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್ ಎಂಬಾತನಿಗೂ ಚೌಗುಲೆಯವರಿಗೂ ನಡುವೆ ಇದ್ದುದು 18 ನಿಮಿಷಗಳ ಅಂತರ. ಕಾಲಿನ ಶಕ್ತಿಯಲ್ಲಿ ಕನ್ನಡ ನಾಡಿನವನು ಫಿನ್ಲೆಂಡಿನವನಿಗೆ ಅಷ್ಟೊಂದು ಕಡಮೆಯೆಂದು ನಾವು ಒಪ್ಪಲಾರೆವು. ಆ ಹದಿನೆಂಟು ನಿಮಿಷಗಳಲ್ಲಿ ಎಷ್ಟೋ ನಿಮಿಷಗಳು ವಿದ್ಯೆಯವು.

ಈಗ ಪ್ರಕೃತ ವಿಷಯಕ್ಕೆ ಬರೋಣ. ನಿಕೊಲಾಯ್ ಸ್ನೆಸಾರೆವ್ ಎಂಬ ಹೆಸರನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಕೇಳಿರುವರು? ಅವರು ಬೆಲಾರೂಸ್ ದೇಶದವರು. 2005ರಲ್ಲಿ ಭಾರತದ ದೂರದ ಓಟಗಾರರಿಗೆ ಶಿಕ್ಷಕರಾಗಿ ನೇಮಕಗೊಂಡರು. ಆಗಿನಿಂದ 2019ರ ವರೆಗೆ ಒಪ್ಪಂದದ ಮೇಲೆ ಒಪ್ಪಂದವಾಗಿ ಅವರ ಸೇವೆಯು ಹಬ್ಬಿಕೊಂಡಿತು. ಬೆಂಗಳೂರಿನ ಕ್ರೀಡಾಪ್ರಾಧಿಕಾರದ ಕೇಂದ್ರವೂ ಊಟಿಯ ಬೆಟ್ಟವೂ ಅವರ ಶಿಬಿರಗಳ ಮುಖ್ಯ ಸ್ಥಾನಗಳಾಗಿದ್ದವು. ಎತ್ತರದ ತೆಳು ಗಾಳಿಯಲ್ಲಿ ಕೆಲವು ವಾರ ಓಡಿದರೆ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚುವುವು. ಇಳಿದು ಬಂದ ಮೇಲೆ ಸ್ವಲ್ಪ ಕಾಲ ಆ ಲಾಭವು ಉಳಿಯುವುದು. ಊಟಿಯನ್ನು ಆರಿಸಿದುದಕ್ಕೆ ಕಾರಣ ಅಲ್ಲಿನ ತಂಪು ಹವೆಯಲ್ಲ, ಇದು.

ಅವರ ಕೈಯಲ್ಲಿ ಪಳಗಿದವರನ್ನು ನೋಡಿರಿ. ಕೇರಳದ ಇಡುಕ್ಕಿಯ ಪ್ರೀಜಾ ಶ್ರೀಧರನ್, ನಾಸಿಕ ಜಿಲ್ಲೆಯ ಗಿರಿಜನ ಗ್ರಾಮದ ಕವಿತಾ ರಾವುತ್, ರಾಯಬರೇಲಿಯ ಸುಧಾ ಸಿಂಗ್, ಸಾತಾರೆಯ ಬರಗಾಲದ ಸೀಮೆಯಾದ ಮಾಣ ತಾಲ್ಲೂಕಿನ ಲಲಿತಾ ಬಾಬರ್, ವಯನಾಡಿನ ಜೈಷಾ. ಯಾರೂ ಸಿರಿವಂತರ ಮನೆಯವರಲ್ಲ. 2010ರ ಅಕ್ಟೋಬರಿನಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕೂಟದ ಹತ್ತು ಸಾವಿರ ಮೀಟರು ಓಟದಲ್ಲಿ ಕವಿತಾ ಕಂಚಿನ ಪದಕ ಪಡೆದಳು. ಆ ಕೂಟಗಳ ಚರಿತ್ರೆಯಲ್ಲಿ ಭಾರತೀಯ ಹೆಣ್ಣುಮಗಳೊಬ್ಬಳು ಓಟದ ಹಾದಿಯಲ್ಲಿ ಒಬ್ಬಂಟಿಯಾಗಿ ಗಳಿಸಿದ ಮೊದಲ ಪದಕ ಅದು. ಮರು ತಿಂಗಳು ಚೀನದ ಗ್ವಾಂಗ್‌ಝೌ ನಗರದ ಏಷ್ಯಾ ಕೂಟದಲ್ಲಿ ಅದೇ ಓಟವನ್ನು ಪ್ರೀಜಾ 31 ನಿಮಿಷ 50.47 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದಳು. ಕವಿತಾ ಒಂದು ಸೆಕೆಂಡಿಗೂ ಕಡಮೆಯ ಅಂತರದಲ್ಲಿ ಹಿಂದೆ ಬಂದು ಬೆಳ್ಳಿ ಪಡೆದಳು. ಲೆಕ್ಕ ಹಾಕಿದರೆ ಸುತ್ತಿಗೆ 76 ಸೆಕೆಂಡುಗಳಂತೆ ಇಪ್ಪತ್ತೈದು ಸುತ್ತು. ಅದೇ ಕೂಟದಲ್ಲಿ ಸ್ಟೀಪಲ್‌ಚೇಸ್ ಎಂಬ ಮೂರು ಸಾವಿರ ಮೀಟರುಗಳ ತಡೆಯೋಟದಲ್ಲಿ ಸುಧಾ ಚಿನ್ನ ಪಡೆದಳು. ಈ ಓಟದಲ್ಲಿ 28 ಅಡ್ಡತಡೆಗಳನ್ನೂ 7 ನೀರಿನ ಹೊಂಡಗಳನ್ನೂ ದಾಟಬೇಕು. ಕರುವಿಗೆ ಇದನ್ನು ಕಲಿಸಿದವರು ಯಾರೆಂದು ನಮ್ಮ ಮಹನೀಯರನ್ನು ಕೇಳಬೇಕೆನಿಸುತ್ತದೆ. 2015ರಲ್ಲಿ ಬೀಜಿಂಗಿನ ವಿಶ್ವಕೂಟದ ಮ್ಯಾರಥಾನಿನಲ್ಲಿ ಜೈಷಾ 2 ಗಂಟೆ 34 ನಿಮಿಷ 43 ಸೆಕೆಂಡುಗಳಲ್ಲಿ ಓಡಿ ಹದಿನೆಂಟನೆಯವಳಾದಳು. ಅದು ರಾಷ್ಟ್ರದ ಹೊಸ ದಾಖಲೆ. 2016ರಲ್ಲಿ ರಿಯೋ ಒಲಿಂಪಿಕ್ಸಿನ ತಡೆಯೋಟದಲ್ಲಿ ಲಲಿತಾ ಅಂತಿಮ ಸುತ್ತಿಗೆ ಅರ್ಹಳಾಗಿ ಹತ್ತನೆಯವಳಾದಳು. ಪಿ. ಟಿ. ಉಷಾ 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಓಡಿದ ಮೇಲೆ 32 ವರ್ಷ ಕಾಲ ಭಾರತದ ಹೆಣ್ಣುಮಗಳಾರೂ ಓಟದ ಹಾದಿಯಲ್ಲಿ ಒಬ್ಬಂಟಿಯಾಗಿ ಅಂತಿಮ ಸುತ್ತನ್ನು ಕಂಡಿರಲಿಲ್ಲ.

ಇದೆಲ್ಲವೂ ನಮ್ಮ ರಾಜಧಾನಿಯ ಅಂಗಳದಲ್ಲಿ ಬೆಳೆದ ಪೈರು. ಆದರೂ ಮೇಲೆ ಹೆಸರಿಸಿದ ಐವರಲ್ಲಿ ಕನ್ನಡಿತಿಯೊಬ್ಬಳೂ ಇಲ್ಲ. ಮನೆಯ ಮುಂದೆ ಗಂಗೆ ಹರಿಯುತ್ತಿರಲು ನಾವು ಚೊಂಬು ತರಲು ಮರೆತೆವು.

ಸ್ನೆಸಾರೆವ್‌ರವರನ್ನು ದೇವರೆಂದು ಕೂರಿಸುವುದು ನಮ್ಮ ಉದ್ದೇಶವಲ್ಲ. ರಿಯೋದಲ್ಲಿ ಜೈಷಾ ಸುಡುಬಿಸಿಲಿನಲ್ಲಿ ಓಡಿ 2 ಗಂಟೆ 47 ನಿಮಿಷಗಳ ಮೇಲೆ ಗುರಿ ಮುಟ್ಟಿ ಅಲ್ಲಿಯೇ ಕುಸಿದುಬಿದ್ದುದು ಎಲ್ಲರಿಗೂ ತಿಳಿದಿದೆ. ಆಯಾ ದೇಶದವರು ತಮ್ಮ ಓಟಗಾರರಿಗೆ ಬೇಕಾದ ಪಾನೀಯಗಳನ್ನು ಇಡುವ ಮೇಜುಗಳಲ್ಲಿ ತನಗೆ ಏನೂ ಇರಲಿಲ್ಲವೆಂದು ಆಕೆ ಹೇಳಿದಳು. ಕೇಳಿದಾಗ ಆಕೆಯೂ ಶಿಕ್ಷಕರೂ ಬೇಡವೆಂದರೆಂದು ಅಥ್ಲೆಟಿಕ್ ಸಂಘದವರು ಹೇಳಿದರು. ಆಸ್ಪತ್ರೆಯಲ್ಲಿ ಶಿಷ್ಯೆಗಾಗಿ ಗದ್ದಲ ಮಾಡಿದ ಗುರುವನ್ನು ಅಲ್ಲಿಯ ಪೋಲೀಸರು ಕೆಲವು ತಾಸು ತಡೆದಿಟ್ಟು ಬಿಟ್ಟರು. ಯಾರ ಮಾತು ಎಷ್ಟು ನಿಜವೆಂಬುದನ್ನು ನಾವು ದೂರದಲ್ಲಿ ಕುಳಿತು ತೀರ್ಮಾನಿಸಲಾರೆವು. ಆದರೆ ಇಷ್ಟನ್ನು ಹೇಳಬಲ್ಲೆವು: ಒಬ್ಬ ಹೆಣ್ಣುಮಗಳ ಬಾಯಿಗೆ ನೀರು ಮುಟ್ಟಬೇಕೇ ಬೇಡವೇ ಎಂಬ ಪ್ರಶ್ನೆಯು ಒಬ್ಬ ಶಿಕ್ಷಕನ ‘ಹೂಂ’ ‘ಉಹೂಂ’ಗಳಿಗೆ ಬಿಟ್ಟ ವಿಷಯವಾಗಬಾರದಾಗಿತ್ತು. ಅವರು ಕಠಿಣ ಸ್ವಭಾವದವರು; ಅವರ ಶಿಕ್ಷಣವೂ ಕಠಿಣವಾದುದು. ಬೀಡ ಜಿಲ್ಲೆಯ ಸೈನಿಕ ಅವಿನಾಶ ಸಾಬಳೆಯು ಅವರನ್ನು ಬಿಟ್ಟು ಸೇನೆಯ ಶಿಕ್ಷಕರಾದ ಅಮರೀಶ ಕುಮಾರರ ಬಳಿಗೆ ಹೋದನು. ಶಿಷ್ಯನು ಗುರುವನ್ನು ಬದಲಾಯಿಸುವುದು ತಪ್ಪಲ್ಲ. ಸಾಬಳೆಯು ಮುಂದೆ 2022ರಲ್ಲಿ ಕಾಮನ್‌ವೆಲ್ತ್ ಕೂಟದ ಬೆಳ್ಳಿಯನ್ನೂ 2023ರಲ್ಲಿ ಏಷ್ಯಾ ಕೂಟದ ಚಿನ್ನವನ್ನೂ ತಂದು ತನ್ನ ದಾರಿಯನ್ನು ಸಮರ್ಥಿಸಿಕೊಂಡನು. ಗುರುವಿನ ಮನಸ್ಸು ಮಾತ್ರ ನೊಂದಿತು. 2019ರಲ್ಲಿ ಅವರು ರಾಜೀನಾಮೆಯಿತ್ತು ತಮ್ಮ ದೇಶಕ್ಕೆ ತೆರಳಿದರು.

ಎರಡು ವರ್ಷಗಳ ಮೇಲೆ, ಟೋಕಿಯೋ ಒಲಿಂಪಿಕ್ಸು ಸಮೀಪಿಸಿದಾಗ, ನಮ್ಮವರಿಗೆ ಮತ್ತೆ ಅವರ ನೆನಪಾಯಿತು. ಆ ಸೆಪ್ಟೆಂಬರಿನ ವರೆಗೆ ಒಪ್ಪಂದ. ಅವರಿಗೆ ಆಗ 72 ವರ್ಷ. ತಮ್ಮನ್ನು ಬಿಟ್ಟುಹೋದ ಅದೇ ಸಾಬಳೆಯನ್ನು ಸಿದ್ಧಪಡಿಸುವ ಕೆಲಸವನ್ನೂ ಅವರು ಒಪ್ಪಿಕೊಂಡಿದ್ದರು. 2021ರ ಮಾರ್ಚ್ ಮೊದಲ ವಾರದಲ್ಲಿ ಬೆಂಗಳೂರಿಗೆ ಬಂದಿಳಿದು, ಅಲ್ಲಿಂದ ಪಟಿಯಾಲೆಯ ಕ್ರೀಡಾಸಂಸ್ಥೆಗೆ ಪಂದ್ಯಗಳನ್ನು ನೋಡಲು ಹೋದರು. ಮಾರ್ಚ್ 5ರಂದು ಅವರು ಮೈದಾನಕ್ಕೆ ಬರಲಿಲ್ಲ. ಸಂಜೆ ವಿಚಾರಿಸಿದರು. ವಿದ್ಯಾರ್ಥಿನಿಲಯದ ಕೋಣೆಯು ಒಳಗಿನಿಂದ ಅಗಳಿ ಹಾಕಿತ್ತು. ಬಾಗಿಲು ಮುರಿದು ನೋಡಲು, ಮಂಚದ ಮೇಲೆ ಅವರ ಪ್ರಾಣ ಹೋಗಿತ್ತು.

ಮರುದಿನ ಪತ್ರಿಕೆಗಳಲ್ಲಿ ನಾಲ್ಕು ಪಂಕ್ತಿಗಳ ಸಂತಾಪ. ಆಮೇಲೆ ಮೌನ. ನಮ್ಮ ದೂರು ಸಂತಾಪದ ಉದ್ದಗಲಗಳನ್ನು ಕುರಿತದ್ದಲ್ಲ. ಹದಿನಾಲ್ಕು ವರ್ಷಗಳ ಅವಧಿಯಲ್ಲಿ ಆ ಮನುಷ್ಯನ ತಲೆಯಲ್ಲಿದ್ದ ವಿದ್ಯೆಯನ್ನು ಇಳಿಸಿಕೊಳ್ಳಲು ಎಷ್ಟು ಮಂದಿ ತರುಣ ಶಿಕ್ಷಕರನ್ನು ಅವರ ಪಕ್ಕದಲ್ಲಿ ಕೂರಿಸಲಾಯಿತು? ಅವರ ದಿನಚರಿಯ ಲೆಕ್ಕಗಳು ಎಲ್ಲಿವೆ? ಯಾವ ತಿಂಗಳಲ್ಲಿ ಎಷ್ಟು ಮೈಲಿ, ಯಾವ ವಯಸ್ಸಿನ ಹುಡುಗಿಗೆ ಎಷ್ಟು ವಿಶ್ರಾಂತಿ ಎಂಬುದನ್ನು ತಿಳಿಸುವ ಒಂದು ಪುಟವಾದರೂ ಕನ್ನಡದಲ್ಲಿ ನಮ್ಮ ಕಣ್ಣಿಗೆ ಬಿದ್ದಿಲ್ಲ. ನಾವು ಅವರಿಂದ ಕೊಂಡುಕೊಂಡದ್ದು ಪದಕಗಳನ್ನು. ಬೀಜವನ್ನು ಕೇಳಲೇ ಇಲ್ಲ. ಮಾವಿನ ಹಣ್ಣಿಗೆ ದುಡ್ಡು ಕೊಟ್ಟು ಓಟೆಯನ್ನು ಬೀದಿಗೆ ಎಸೆದ ಹಾಗಾಯಿತು.

ಬೇರೆ ದೇಶಗಳು ಹೀಗೆ ಮಾಡಲಿಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಎಂಬಾತನು ಜೋಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗೃಹಸ್ಥ. ದೀರ್ಘವಾದ ನಿಧಾನದ ಓಟವೇ ವೇಗಕ್ಕೆ ತಳಪಾಯವೆಂಬುದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿ ನೋಡಿ, ನೆರೆಹೊರೆಯ ಹುಡುಗರನ್ನು ಒಲಿಂಪಿಕ್ಸ್ ಗೆಲ್ಲುವಂತೆ ಮಾಡಿದನು. 1960ರ ದಶಕದ ಕೊನೆಯಲ್ಲಿ ಫಿನ್ಲೆಂಡಿನವರು ಅವನನ್ನು ಕರೆಸಿಕೊಂಡರು. ಅಲ್ಲಿ ಅವನು ಇದ್ದುದು ಎರಡು ವರ್ಷಗಳಿಗೂ ಕಡಮೆ. ಆದರೆ ಫಿನ್ಲೆಂಡಿನ ಶಿಕ್ಷಕರು ಅವನ ಬಾಯಿಂದ ಬಿದ್ದುದನ್ನೆಲ್ಲ ಬರೆದುಕೊಂಡು, ತರ್ಕಿಸಿ, ತಮ್ಮ ಹಿಮದ ದೇಶಕ್ಕೆ ಹೊಂದಿಸಿಕೊಂಡರು. ಅವನು ಹೊರಟುಹೋದ ಮೇಲೆ, 1972ರಲ್ಲಿ, ಲಾಸ್ಸೆ ವಿರೆನ್ ಮ್ಯೂನಿಕ್ಕಿನಲ್ಲಿ ಎರಡು ಚಿನ್ನ ಗೆದ್ದನು. 1976ರಲ್ಲಿ ಮತ್ತೆ ಎರಡು. ವಿರೆನನಿಗೆ ಶಿಕ್ಷಣ ಕೊಟ್ಟವನು ಫಿನ್ಲೆಂಡಿನವನೇ ಆದ ಹೈಕ್ಕೋಲ.

ಇನ್ನೊಂದು ನಿದರ್ಶನವು ಇದಕ್ಕಿಂತ ನಮಗೆ ಹತ್ತಿರವಾದುದು. ಐರ್ಲೆಂಡಿನ ಕೋಮ್ ಓಕಾನೆಲ್ ಎಂಬ ಧರ್ಮಸಹೋದರರು 1976ರಲ್ಲಿ ಕೆನ್ಯಾ ದೇಶದ ಇಟೆನ್ ಎಂಬ ಸಣ್ಣ ಊರಿನ ಶಾಲೆಗೆ ಭೂಗೋಳದ ಉಪಾಧ್ಯಾಯರಾಗಿ ಹೋದರು. ಓಟದ ಶಾಸ್ತ್ರವನ್ನು ಅವರು ಯಾವ ವಿದ್ಯಾಪೀಠದಲ್ಲಿಯೂ ಕಲಿತವರಲ್ಲ. ಹುಡುಗರನ್ನು ನೋಡುತ್ತ ನೋಡುತ್ತ ಕಲಿತರು. ದಶಕಗಟ್ಟಲೆ ಅಲ್ಲಿಯೇ ನಿಂತರು. ಆ ಒಂದು ಶಾಲೆಯಿಂದ 1988ರಲ್ಲಿ ಪೀಟರ್ ರೋನೋ, 1992ರಲ್ಲಿ ಮ್ಯಾಥ್ಯೂ ಬಿರಿರ್ ಒಲಿಂಪಿಕ್ ಚಿನ್ನ ತಂದರು. 2012ರಲ್ಲಿ ಲಂಡನ್ನಿನಲ್ಲಿ 800 ಮೀಟರುಗಳನ್ನು 1 ನಿಮಿಷ 40.91 ಸೆಕೆಂಡುಗಳಲ್ಲಿ ಓಡಿ ಲೋಕದ ದಾಖಲೆ ಬರೆದ ರುಡಿಷಾನೂ ಅವರ ಶಿಷ್ಯನೇ. ಒಬ್ಬ ಶಾಲಾ ಉಪಾಧ್ಯಾಯ! ಅವರಿಗೆ ಒಲಿಂಪಿಕ್ಸಿನಿಂದ ಒಲಿಂಪಿಕ್ಸಿಗೆ ಗಡುವು ಹಾಕಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಲಿ.

‘ಇವರೆಲ್ಲ ಪರದೇಶದವರು, ನಮ್ಮವರಾದರೆ ಗೌರವಿಸುತ್ತಿದ್ದೆವು’ ಎನ್ನುವವರೂ ಇರಬಹುದು. ಆ ಸಮಾಧಾನಕ್ಕೂ ಎಡೆಯಿಲ್ಲ. ಕನ್ನಡ ನಾಡಿನ ಪುರುಷೋತ್ತಮ ರೈಯವರು ಅಶ್ವಿನಿ ನಾಚಪ್ಪ, ವಂದನಾ ರಾವ್, ಪ್ರಮೀಳಾ ಅಯ್ಯಪ್ಪ ಮೊದಲಾದವರನ್ನು ತಿದ್ದಿದ ಗುರುಗಳು. ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದುದು 2020ರಲ್ಲಿ, 79ರ ವಯಸ್ಸಿನಲ್ಲಿ. ಪ್ರದಾನ ಸಮಾರಂಭದ ಹಿಂದಿನ ದಿನ, ಆಗಸ್ಟ್ 28ರಂದು, ಅವರು ಹೃದಯಾಘಾತದಿಂದ ತೀರಿಕೊಂಡರು. ಇನ್ನೊಬ್ಬ ಹಿರಿಯರಾದ ಎನ್. ಲಿಂಗಪ್ಪನವರು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ತಲೆಮಾರುಗಳನ್ನು ಓಡಿಸಿದವರು; ಅವರ ಸರದಿ ಬಂದುದು ಮುಪ್ಪಿನಲ್ಲಿ, 2014ರಲ್ಲಿ. ಬಿಲ್ಲಿನ ಗುರುವಿನ ಹೆಸರಿನಲ್ಲಿ ಕೊಡುವ ಪ್ರಶಸ್ತಿಯು, ಶಿಷ್ಯರು ಬಿಲ್ಲು ಕೆಳಗಿಟ್ಟು ಮೊಮ್ಮಕ್ಕಳನ್ನು ಆಡಿಸುವ ಕಾಲಕ್ಕೆ ಗುರುವಿನ ಮನೆಯ ಬಾಗಿಲು ತಟ್ಟುತ್ತದೆ.

ನಮ್ಮ ಹಂಪೆಯಲ್ಲಿಯೂ ಈ ಮರೆವು ಹಳೆಯದೇ. ಪೋರ್ತುಗೀಸರ ದೊಮಿಂಗೊ ಪಾಯೆಸನು ಸುಮಾರು 1520ರಲ್ಲಿ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡು, ಭಾರಗಳನ್ನೆತ್ತಿ, ಬೆವರಿಳಿಯುವ ತನಕ ಕತ್ತಿವರಸೆ ಮಾಡಿ, ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ ಹಿಡಿದು, ಆಮೇಲೆ ಕುದುರೆಯೇರಿ ಬಯಲಿನಲ್ಲಿ ಬೆಳಗಾಗುವವರೆಗೆ ಓಡಾಡುತ್ತಿದ್ದನಂತೆ. ಎಣ್ಣೆಯೂ ದಾಖಲಾಯಿತು, ಕುದುರೆಯೂ ದಾಖಲಾಯಿತು. ದಿನವೂ ಅರಸನ ತೋಳು ತಿರುವಿ ಅವನನ್ನು ಗಟ್ಟಿ ಮಾಡಿದ ಆ ಜಟ್ಟಿಯ ಹೆಸರು ದಾಖಲಾಗಲಿಲ್ಲ. ಪರದೇಶಿಯಾದ ಪಾಯೆಸನನ್ನು ಕ್ಷಮಿಸಬಹುದು.

ಇಷ್ಟೆಲ್ಲ ಹೇಳಿದುದು ನಮ್ಮ ಸೀಮೆಯ ಹಿತಕ್ಕಾಗಿ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ, 2018ರಿಂದ ಇನ್‌ಸ್ಪೈರ್ ಕ್ರೀಡಾಸಂಸ್ಥೆಯೆಂಬ ದೊಡ್ಡ ಶಾಲೆಯೊಂದು ನಡೆದಿದೆ. ಓಟ, ಮುಷ್ಟಿಯುದ್ಧ, ಕುಸ್ತಿ, ಜೂಡೋಗಳಿಗೆ ಅಲ್ಲಿ ಶಿಕ್ಷಣವುಂಟು. ಪರದೇಶದ ಶಿಕ್ಷಕರೂ ಬಂದಿರುವರು. ಭಲ್ಲೆಯ ನೀರಜ್ ಚೋಪ್ರಾ ಅಲ್ಲಿ ಸಾಧನೆ ಮಾಡಿದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸಂತೋಷ. ಆದರೆ ಬೆಂಗಳೂರಿನಲ್ಲಿ ಆದ ತಪ್ಪು ಇಲ್ಲಿಯೂ ಆಗಬೇಕೇ? ಹೊಸಪೇಟೆಯಿಂದ ಆ ಶಾಲೆಗೆ ಒಂದು ಗಂಟೆಯ ದಾರಿಯೂ ಇಲ್ಲ. ಕಂಪ್ಲಿಯ, ಕಮಲಾಪುರದ, ಸಂಡೂರಿನ ಪ್ರೌಢಶಾಲೆಗಳ ವ್ಯಾಯಾಮದ ಮಾಸ್ತರುಗಳು ವರ್ಷಕ್ಕೆ ಹದಿನೈದು ದಿನ ಅಲ್ಲಿ ಕುಳಿತು ಓಟದ ಶಿಕ್ಷಣವನ್ನು ಕಣ್ಣಾರೆ ಕಂಡು ಬರಲು ಏರ್ಪಾಡಾಗಬೇಕು. ಅವರು ಬರೆದುಕೊಂಡು ತಂದುದನ್ನು ಕನ್ನಡದಲ್ಲಿ ಅಚ್ಚು ಹಾಕಿಸುವ ಹೊಣೆಯನ್ನು ನಮ್ಮಂಥ ಸಾಹಿತ್ಯ ಸಂಘಗಳು ಹೊರಬೇಕು. ಕಾವ್ಯವಿಮರ್ಶೆಗೆ ಕಾಗದವುಂಟು, ಇದಕ್ಕಿಲ್ಲವೆಂದರೆ ನಾವು ಒಪ್ಪೆವು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಓಟಗಾರ್ತಿಯ ಶಕ್ತಿಯೆಂದರೆ ಅವಳ ರಕ್ತ. ರಕ್ತದ ಸತ್ವವೆಂದರೆ ಕಬ್ಬಿಣ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಸ್ತ್ರೀಯರಲ್ಲಿ ಹೆಚ್ಚು ಕಡಮೆ ಅರ್ಧ ಭಾಗದವರು ರಕ್ತಹೀನರು. ಸಂಡೂರಿನ ಬೆಟ್ಟಗಳನ್ನು ಅಗೆದು ಲಾರಿಗಟ್ಟಲೆ ಕಬ್ಬಿಣದ ಅದಿರನ್ನು ಹೊರಗೆ ಕಳುಹಿಸಿದ್ದೇವೆ. ಆ ಲಾರಿಗಳ ಕೆಂಧೂಳಿನಲ್ಲಿ ಶಾಲೆಗೆ ನಡೆಯುವ ಹುಡುಗಿಯ ರಕ್ತದಲ್ಲಿ ಕಬ್ಬಿಣವಿಲ್ಲ. ಬಲ್ಲ ಶಿಕ್ಷಕನೊಬ್ಬನಿದ್ದರೆ ಅವಳ ಮುಖದ ಬಿಳುಪನ್ನು ನೋಡಿ ಮೊದಲು ವೈದ್ಯರ ಬಳಿಗೆ ಕಳುಹಿಸುವನು. ಬಲ್ಲವನಿಲ್ಲದಿದ್ದರೆ ‘ಸೋಮಾರಿ’ ಎಂದು ಗದರಿ ಇನ್ನೊಂದು ಸುತ್ತು ಓಡಿಸುವನು. ಮಾಣ ತಾಲ್ಲೂಕಿನ ಬರಡು ನೆಲದಿಂದ ಒಬ್ಬ ಲಲಿತಾ ಬಾಬರ್ ಬಂದಳು. ತುಂಗಭದ್ರೆಯ ನೀರುಂಡು ಕಬ್ಬು ಭತ್ತ ಬೆಳೆಯುವ ಕಂಪ್ಲಿಯಿಂದ ಏಕೆ ಬರಬಾರದು?

ಈ ಏರ್ಪಾಡನ್ನು ಕೋರುವ ಗೊತ್ತುವಳಿಯೊಂದನ್ನು ಸಂಘದ ಮುಂದಿನ ತಿಂಗಳ ಸಭೆಯಲ್ಲಿ ಮಂಡಿಸಬೇಕೆಂದಿದ್ದೇವೆ. ಕರುವಿನ ದೃಷ್ಟಾಂತವಿತ್ತ ಮಹನೀಯರೇ ಅಂದಿನ ಅಧ್ಯಕ್ಷರೆಂದು ಕೇಳಿದ್ದೇವೆ. ಅವರು ಇದನ್ನು ಓದಿ ಬಂದರೆ ನಮ್ಮ ಅರ್ಧ ಗಂಟೆ ಉಳಿಯುವುದು.